ಒಂದು ತೊಟ್ಟೂ ಕುಡಿಯದ ಪಿಕಪ್ಪು

ಗಾಡಿ ಎಷ್ಟು ಪೆಟ್ರೋಲು ಕುಡಿಯುತ್ತದೆ ಎನ್ನುವುದು ಮುಖ್ಯವಲ್ಲ, ಗಾಡಿ ಇಟ್ಟುಕೊಂಡವನ ಗತ್ತು ಮುಖ್ಯ ಎಂದು ಹೇಳುವವರನ್ನು ನಾನು ಕಂಡಿದ್ದೇನೆ. ಅಂಥವರೆಲ್ಲ ಸಮತಟ್ಟು ಊರಿನವರು. ತಾಳವಾಡಿ ಬೆಟ್ಟದ ನಮ್ಮ ತಿಗನಾರೆಯವರು ಹಾಗೆ ಹೇಳುವಂತಿಲ್ಲ. ನಾವು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಬೇಕು, ಮನೆಗೆ ಬರಬೇಕಾದರೆ ಅದನ್ನೇ ಹತ್ತಬೇಕು. ಇಷ್ಟು ಸಣ್ಣ ಸಂಗತಿ ನನ್ನ ನೆರೆಮನೆಯ ಚಿಕ್ಕಬಸಪ್ಪನ ತಲೆಗೆ ಹೋಗಲು ಅವನ ತಾಯಿ ಸಾಯಬೇಕಾಯಿತು.

ಚಿಕ್ಕಬಸಪ್ಪ ಕೆಟ್ಟವನಲ್ಲ, ಹೆಡ್ಡನೂ ಅಲ್ಲ. ಯಾವ ಲೆಕ್ಕವನ್ನಾದರೂ ಅರ್ಧ ಮಾಡಿ, ಉತ್ತರ ಚೆನ್ನಾಗಿ ಕಂಡ ಕೂಡಲೇ ಅಲ್ಲಿಗೇ ನಿಲ್ಲಿಸಿಬಿಡುವ ಗುಣ ಅವನದು. ಕೊಯಮತ್ತೂರು ಜಿಲ್ಲೆಯವರಾಗಿದ್ದ ನಮ್ಮನ್ನು ಸರ್ಕಾರ ಈರೋಡು ಜಿಲ್ಲೆಗೆ ಸೇರಿಸಿದ ಹೊಸದರಲ್ಲಿ ಅವನು ಒಂದು ಹಳೇ ಪಿಕಪ್ಪು ತಂದ. ಯಾವುದೋ ಟೀ ತೋಟದವರು ಹರಾಜು ಹಾಕಿದ ಗಾಡಿ. ಮುಂದೆ ಮೂವರು ಕೂರುವಂಥ ಒಂದೇ ಉದ್ದನೆಯ ಸೀಟು, ಹಿಂದೆ ಹಲಗೆ ಬಡಿದ ತೊಟ್ಟಿ, ನಡುವೆ ಗಾಜಿಲ್ಲದ ಕಿಟಕಿ. ಪೆಟ್ರೋಲು ತೋರಿಸುವ ಮುಳ್ಳು ಟ್ಯಾಂಕು ತುಂಬಿದ್ದರೂ ಒಣಗಿದ್ದರೂ ಅರ್ಧಕ್ಕೇ ನಿಂತಿರುತ್ತಿತ್ತು. ಹಾಗಾಗಿ ಚಿಕ್ಕಬಸಪ್ಪ ಒಂದು ಬಿದಿರುಕಡ್ಡಿ ಸೀಳಿ, ಚಾಕುವಿನಲ್ಲಿ ಗೆರೆ ಕೊರೆದು, ಟ್ಯಾಂಕಿನ ಬಾಯಿಗೆ ಅದ್ದಿ ಅಳೆಯುತ್ತಿದ್ದ. ಆ ಕಡ್ಡಿಯನ್ನು ಅವನು ಇಟ್ಟುಕೊಳ್ಳುತ್ತಿದ್ದ ಭಕ್ತಿಯನ್ನು ಮನೆಯ ದೇವರು ಕಂಡಿದ್ದರೆ ಹೊಟ್ಟೆಕಿಚ್ಚುಪಡುತ್ತಿತ್ತು.

ಮೊದಲ ಸಲ ಕೋಸಿನ ಮೂಟೆ ಹೇರಿಕೊಂಡು ಸತ್ಯಮಂಗಲಕ್ಕೆ ಹೋಗಿಬಂದ ಸಂಜೆ ಅವನು ಜಗಲಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಘೋಷಿಸಿದ.

"ದಿಂಬದ ತಲೆ ಮ್ಯಾಲೆ ಕಡ್ಡಿ ಅದ್ದಿ ನೋಡ್ದೆ ಕಣ್ಲಾ ಕೆಂಪಯ್ಯ. ಇಪ್ಪತ್ತೇಳು ತಿರುವೂ ಇಳ್ದು ಬಣ್ಣಾರಿಲಿ ಇನ್ನೊಂದ್ಸಲ ಅದ್ದಿದ್ರೆ, ಗೆರೆ ಎಲ್ಲಿತ್ತೋ ಅಲ್ಲೇ ಅದ! ಒಂದು ತೊಟ್ಟು ಕುಡ್ದಿಲ್ಲ!"

ಕೆಂಪಯ್ಯ ಎಂದರೆ ನಾನೇ. "ಇಂಜಿನ್ ಆಫ್ ಮಾಡ್ಕಂಡು ಇಳ್ದಿದ್ದೀಯಲ್ಲಾ ಲಾ?" ಎಂದೆ.

"ಅದು ಬ್ಯಾರೆ ಇಚಾರ."

"ಘಾಟಿ ಅತ್ತುವಾಗ ಅದ್ದಿ ನೋಡ್ದಾ?"

"ಅತ್ತುವಾಗ ಯಾಕ್ಲಾ ನೋಡಾದು? ಅದು ಮನಗ ಬರಾ ದಾರಿ ಅಲ್ವಾ?"

 

ಜಗಲಿಯ ಇನ್ನೊಂದು ತುದಿಯಲ್ಲಿ ಅವನ ತಾಯಿ ಪುಟ್ಟಮಲ್ಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಾವೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆವು. ಒಣಗಿದ ಕಡ್ಡಿಯಂಥ ಮೈ, ಆದರೆ ಗಂಟಲು ಮಾತ್ರ ಜೀರಹಳ್ಳಿಯ ಕಾಡಿನವರೆಗೂ ಕೇಳುತ್ತಿತ್ತು. ಹೊಲಕ್ಕೆ ನುಗ್ಗಿದ ಆನೆಗಳೂ ಅವಳ ಬೈಗುಳಕ್ಕೆ ಒಮ್ಮೆ ನಿಂತು ಯೋಚಿಸುತ್ತಿದ್ದವು. ಅವಳಿಗೆ ಆ ಪಿಕಪ್ಪಿನ ಮೇಲೆ ಹುಟ್ಟಾ ಹಗೆ. ಕಾರಣ ಸರಳವಾಗಿತ್ತು. ಕರುಗಳಾಗಿದ್ದಾಗಿನಿಂದ ಅವಳೇ ಕೈತುತ್ತು ಕೊಟ್ಟು ಸಾಕಿದ ಬಿಳಿಯ, ಮಚ್ಚ ಎಂಬ ಜೋಡಿ ಎತ್ತುಗಳನ್ನು ಮಗ ಮಾರಿದ ಮೇಲೇ ಆ ಗಾಡಿ ಮನೆಗೆ ಬಂದದ್ದು. ಎತ್ತುಗಳನ್ನು ಕೊಂಡವನು ನಾನು. ಅದಕ್ಕೆ ನನ್ನ ಮೇಲೂ ಅವಳಿಗೆ ಸಿಟ್ಟಿತ್ತು. ಆದರೂ ದಿನಾ ಸಂಜೆ ಬೇಲಿ ದಾಟಿ ಬಂದು, ನನ್ನ ಮುಖ ನೋಡದೆ ಎತ್ತುಗಳ ಬಾಯಿಗೆ ಒಂದೊಂದು ಹಿಡಿ ಹಿಂಡಿ ಇಟ್ಟು ಹೋಗುತ್ತಿದ್ದಳು.

"ಅವ್ವಾ, ಒಂದ್ಸಲ ಮುಂದಿನ್ ಸೀಟಲಿ ಕುತ್ಕ. ರಾಣಿ ಅಂಗ ಕರ್ಕಂಡೋಯ್ತೀನಿ," ಎಂದ ಚಿಕ್ಕಬಸಪ್ಪ.

"ನನ್ ಎತ್ತು ಮಾರಿ ದೆವ್ವ ತಂದಿದ್ದೀಯ. ಉಸ್ರಿರೋ ಗಂಟ ಅದ್ರೊಳಗ ಕೂರಕಿಲ್ಲ ಕಣ. ಸತ್ ಮ್ಯಾಲೆ ಬೇಕಾರೆ ಕೂರ್ಸ್ಕಂಡೋಗು."

ಊರವರೆಲ್ಲ ನಕ್ಕರು. ಚಿಕ್ಕಬಸಪ್ಪನೂ ನಕ್ಕ.

ಆದರೆ ಘೋಷಣೆಯ ಫಲ ಮರುದಿನದಿಂದಲೇ ಶುರುವಾಯಿತು. ಒಂದು ತೊಟ್ಟೂ ಕುಡಿಯದ ಗಾಡಿಗೆ ಬಾಡಿಗೆ ಕೇಳುವ ಬಾಯಿ ಯಾವುದು? ಕೆಳಗಿನ ಬೀದಿಯ ರಾಚಮ್ಮ ಮಗಳ ಸೀಮಂತಕ್ಕೆ ಹಂಡೆ, ಕೊಪ್ಪರಿಗೆ, ಬಳಗ ಎಲ್ಲವನ್ನೂ ಹೇರಿಸಿಕೊಂಡು ಆಸನೂರಿಗೆ ಹೋಗಿಬಂದಳು. ಇಳಿದ ಮೇಲೆ ಚಿಕ್ಕಬಸಪ್ಪ ತಲೆ ಕೆರೆದುಕೊಂಡು ಪೆಟ್ರೋಲಿನ ಮಾತೆತ್ತಿದ.

"ನಿನ್ ಗಾಡಿ ಕುಡಿಯಾದಿಲ್ಲ ಅಂತ ನೀನೇ ಸಾರಿದ್ದೀಯ," ಎಂದಳು ರಾಚಮ್ಮ, ಸೊಂಟದ ಮೇಲೆ ಕೈಯಿಟ್ಟು. "ಮತ್ತ ಪೆಟ್ರೋಲ್ ಯಾರ್ಗ್ಲಾ? ನಿಂಗಾ?"

ಸುತ್ತ ನಿಂತವರು ಇದನ್ನು ನ್ಯಾಯವಾದ ಪ್ರಶ್ನೆ ಎಂದು ಒಪ್ಪಿದರು. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪೆಟ್ರೋಲು ಹೋಗುತ್ತದೆ. ಚಿಕ್ಕಬಸಪ್ಪ ಮಾನ ಉಳಿಸಿಕೊಂಡ. ಅವನ ಹೆಂಡತಿ ಶಕುಂತಲಮ್ಮ ಹಾಲಿನ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವಾಗಲೆಲ್ಲ, "ಈ ಮನೇಲಿ ಕುಡಿಯಾ ಚಟ ಇರಾದು ಒಬ್ರಿಗೇ. ಅದೂ ಹಿತ್ಲಲಿ ನಿಂತದ," ಎನ್ನುತ್ತಿದ್ದಳು. ಅಷ್ಟರಲ್ಲಿ ಪೆಟ್ರೋಲಿನ ಬೆಲೆಯೂ ಏರಿತು. ಗಾಡಿಯನ್ನು ಯಾರಿಗಾದರೂ ದಾಟಿಸಿ ಡೀಸೆಲ್ ಗಾಡಿ ತರಬೇಕೆಂದು ಚಿಕ್ಕಬಸಪ್ಪ ಒಳಗೊಳಗೇ ಹುಡುಕತೊಡಗಿದ.

ಸಿಕ್ಕಿದವನು ಸತ್ಯಮಂಗಲದ ಗಾಡಿ ಬ್ರೋಕರ್ ಸಿದ್ದಯ್ಯ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು, ಗಾಡಿಯನ್ನು ಮಾತ್ರ ಯಾವ ಭಾಷೆಯಲ್ಲಿದ್ದರೂ ವಂಡಿ ಎನ್ನುವವನು. ಬಿಳಿ ಅಂಗಿ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಬೆಟ್ಟದ ಮೇಲೆ ಪೆಟ್ರೋಲು ಕುಡಿಯದ ಒಂದು ಗಾಡಿ ಇದೆ ಎಂಬ ಸುದ್ದಿ ಮಂಡಿಯ ಕೂಲಿಗಳ ಬಾಯಿಂದ ಅವನಿಗೂ ಮುಟ್ಟಿತ್ತು.

"ನನ್ನ ಡೀಸೆಲ್ ವಂಡಿ ನಿಮಗೆ, ನಿಮ್ಮ ವಂಡಿ ನನಗೆ. ಮೇಲೆ ಕೊಡೋದು ಬೇಡ, ತಗೊಳ್ಳೋದು ಬೇಡ," ಎಂದ. "ಆದ್ರೆ ಶುಕ್ರವಾರ ನೀವು ವಾಪಸ್ ಹೋಗುವಾಗ ನಾನೂ ಬರ್ತೀನಿ. ಪೆಟ್ರೋಲ್ ನಂದೇ ಹಾಕ್ತೀನಿ. ಘಾಟಿ ಹತ್ತಿ ನಿಮ್ಮೂರು ಮುಟ್ಟಿದ ಮೇಲೆ ಕಡ್ಡಿ ಅದ್ದಿ ನೋಡೋಣ."

ಪೆಟ್ರೋಲ್ ನಂದೇ ಎಂಬಲ್ಲಿಗೆ ಚಿಕ್ಕಬಸಪ್ಪ ಕೇಳುವುದನ್ನು ನಿಲ್ಲಿಸಿ ಒಪ್ಪಿಕೊಂಡ. ಹತ್ತುವ ಮಾತು ಆಮೇಲೆ ಬಂದದ್ದು ಅವನ ಕಿವಿಗೆ ಬೀಳಲಿಲ್ಲ.

ಆ ವಾರವೇ ದೊಡ್ಡವ್ವ ಮಲಗಿದಳು. ಎದೆಯಲ್ಲಿ ಗೊರಗೊರ ಸದ್ದು, ಉಸಿರು ಎಳೆಯಲು ಆಗುತ್ತಿರಲಿಲ್ಲ. ಸತ್ಯಮಂಗಲದ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದು ತಾಳವಾಡಿಯ ಡಾಕ್ಟರು ಹೇಳಿದರು. ಚಿಕ್ಕಬಸಪ್ಪ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ದೊಡ್ಡವ್ವ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. "ಬಸ್ಸಾದ್ರೆ ಬತ್ತೀನಿ," ಎಂದಳು. ಎಷ್ಟು ಗೋಗರೆದರೂ ಅದೇ ಮಾತು. ಕೊನೆಗೆ ಶಕುಂತಲಮ್ಮ ಅವಳನ್ನು ಬಸ್ಸಿನಲ್ಲೇ ಕರೆದುಕೊಂಡು ಹೋದಳು. ಬಸ್ಸಿನ ಹಿಂದೆ ಚಿಕ್ಕಬಸಪ್ಪ ಖಾಲಿ ಪಿಕಪ್ಪಿನಲ್ಲಿ ಆಸನೂರಿನವರೆಗೂ ಹಿಂಬಾಲಿಸಿದ. ದಾರಿಯಲ್ಲಿ ಬುದ್ಧಿ ಬದಲಾಗಬಹುದೆಂಬ ಆಸೆ. ಬದಲಾಗಲಿಲ್ಲ.

ಶುಕ್ರವಾರ ನಾನೂ ಅವನೂ ಕೋಸು ಹೇರಿಕೊಂಡು ಹೊರಟೆವು. ಬ್ರೋಕರು ಪೆಟ್ರೋಲು ಹಾಕುವವನಿದ್ದಾನೆಂದು ಇವನು ಮಂಡಿ ಮುಟ್ಟಲು ಸಾಕಾಗುವಷ್ಟನ್ನೇ ಹಾಕಿಕೊಂಡಿದ್ದ. ದಿಂಬದಿಂದ ಬಣ್ಣಾರಿಯವರೆಗೆ ಇಂಜಿನ್ ಆಫ್. ಬ್ರೇಕು ಸುಟ್ಟ ವಾಸನೆಯ ನಡುವೆ ಹೇಗೋ ಇಳಿದು ಸತ್ಯಮಂಗಲದ ಮಂಡಿ ಮುಟ್ಟಿದಾಗ ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು. ಕೋಸಿನ ದುಡ್ಡು ಸೋಮವಾರ ಎಂದ ಮಂಡಿಯವನು. ಸರಿ, ಎಂದುಕೊಂಡು ಆಸ್ಪತ್ರೆಗೆ ಹೋದೆವು.

ದೊಡ್ಡವ್ವನ ಕಣ್ಣು ಆಗಲೇ ಒಳಗೆ ಹೋಗಿತ್ತು. ಮಗನ ಕೈ ಹಿಡಿದುಕೊಂಡಳು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಇಲ್ಲಿ ಕೆಳಗ ಬುಟ್ಬುಡಬ್ಯಾಡ ಕಣಪ್ಪ. ಒಲದಲ್ಲಿ ನಿಮ್ಮಪ್ಪನ ಪಕ್ಕ ಕೂರ್ಸು."

"ಆಯ್ತು ಕಣವ್ವ."

"ಬಸ್ಸಲಿ ಕರ್ಕಂಡೋಗು," ಎಂದಳು. ಅಷ್ಟೇ. ಉಸಿರು ನಿಂತಿತು.

ಚಿಕ್ಕಬಸಪ್ಪ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಅಳಲೂ ಇಲ್ಲ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರು ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು, ಹೆಣಕ್ಕೆ ಟಿಕೆಟ್ ಹರಿಯುವ ನಿಯಮವಿಲ್ಲ ಎಂದ. ನಿಯಮವಿದ್ದಿದ್ದರೆ ಅರ್ಧ ಟಿಕೆಟೋ ಪೂರ್ತಿಯೋ ಎಂದೂ ಯೋಚಿಸಿದನೆಂದು ಕಾಣುತ್ತದೆ, ಏಕೆಂದರೆ ಸ್ವಲ್ಪ ಹೊತ್ತು ಟಿಕೆಟ್ ಕಟ್ಟು ನೋಡುತ್ತ ನಿಂತಿದ್ದ. ಇನ್ನು ಉಳಿದದ್ದು ಪಿಕಪ್ಪು ಒಂದೇ.

ಆಗ ಶಕುಂತಲಮ್ಮ ಕಣ್ಣೊರೆಸಿಕೊಂಡು ಎದ್ದಳು. ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವಂತಿಲ್ಲ, ಕಾಲು ಮಡಿಸಿ ಕೂರಿಸಿಯೇ ಮಣ್ಣು ಮಾಡಬೇಕು.

"ಮನಗಿಸ್ಕಂಡೋದ್ರೆ ಊರು ಮುಟ್ಟೋ ಒತ್ತಿಗ ಮೈ ಸೆಟ್ಕತ್ತದ," ಎಂದಳು. "ಆಮ್ಯಾಲೆ ಕೂರ್ಸಾದೆಂಗ? ಈಗ್ಲೇ ಕೂರ್ಸಬೇಕು. ಮುಂದಿನ್ ಸೀಟಲಿ."

ಹಾಗೆ ದೊಡ್ಡವ್ವ ಪಿಕಪ್ಪಿನ ಮುಂದಿನ ಸೀಟಿನ ನಡುವೆ ಕುಳಿತಳು. ಕಾಲು ಮಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಎಡಗೈಗೆ ಕೊಟ್ಟು, ಒಂದು ಹಳೇ ಸೀರೆಯಿಂದ ಎದೆಯ ಸುತ್ತ ಬಳಸಿ ಸೀಟಿಗೆ ಕಟ್ಟಿ, ಮೇಲೆ ಶಾಲು ಹೊದಿಸಿದೆವು. ಕತ್ತನ್ನು ಸ್ವಲ್ಪ ಬಾಗಿಸಿಕೊಂಡು, ಯಾರದೋ ತಪ್ಪು ನೆನೆಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು.

ಟ್ಯಾಂಕು ಒಣಗಿದೆ, ಜೇಬು ಒಣಗಿದೆ, ಏನು ಮಾಡುವುದು ಎಂದು ನಾವು ನಿಂತಿರುವಾಗಲೇ ಆಸ್ಪತ್ರೆಯ ಗೇಟಿನಲ್ಲಿ ಬ್ರೋಕರ್ ಸಿದ್ದಯ್ಯ, ಮಂಡಿಯಲ್ಲಿ ನಮ್ಮನ್ನು ವಿಚಾರಿಸಿಕೊಂಡು ಬಂದು, ಪೆಟ್ರೋಲು ಡಬ್ಬ ಹಿಡಿದು ಪ್ರತ್ಯಕ್ಷನಾದ. ಹೇಳಿದ ಮಾತಿಗೆ ತಪ್ಪದ ಬ್ರೋಕರನ್ನು ನಾನು ಕಂಡದ್ದು ಅದೊಂದೇ ಸಲ.

"ಹೊರಡೋಣ್ವಾ?" ಎಂದು ಒಳಗೆ ಬಗ್ಗಿ ನೋಡಿದ. "ಓ, ಅಮ್ಮನವರು! ನಿದ್ದೇನಾ?"

ಚಿಕ್ಕಬಸಪ್ಪ ಬಾಯಿ ತೆರೆದ. ನನ್ನ ಅವ್ವ ಹೋಗಿಬಿಟ್ಟಳು ಎಂದು ಹೇಳಲೆಂದೇ ತೆರೆದದ್ದು, ಅದಕ್ಕೆ ನಾನು ಸಾಕ್ಷಿ. ಆದರೆ ಅವನ ಕಣ್ಣು ಪೆಟ್ರೋಲು ಡಬ್ಬದ ಮೇಲೆ ಬಿತ್ತು. ಹೆಣ ಹೊತ್ತ ಗಾಡಿಯನ್ನು ಯಾವ ಬ್ರೋಕರೂ ಕೈಯಿಂದ ಮುಟ್ಟುವುದಿಲ್ಲ. ಡಬ್ಬ ಹೋದರೆ ಅವ್ವ ಕೆಳಗೇ ಉಳಿಯುತ್ತಾಳೆ.

"ಊಂ," ಎಂದ. "ನಿದ್ದೆ. ಏಳ್ಸಬ್ಯಾಡಿ."

ಸಿದ್ದಯ್ಯ ಮರ್ಯಾದಸ್ಥ. ಸದ್ದಾಗದಂತೆ ಪೆಟ್ರೋಲು ಸುರಿದ, ಸದ್ದಾಗದಂತೆ ಬಾಗಿಲು ತೆಗೆದು ದೊಡ್ಡವ್ವನ ಎಡಕ್ಕೆ ಕುಳಿತ. ನಾನೂ ಶಕುಂತಲಮ್ಮನೂ ಹಿಂದಿನ ತೊಟ್ಟಿಯಲ್ಲಿ, ಗಾಜಿಲ್ಲದ ಕಿಟಕಿಗೆ ಕಿವಿಗೊಟ್ಟು ಕುಳಿತೆವು.

ಬಣ್ಣಾರಿಯಲ್ಲಿ ಗುಡಿಯ ಮುಂದೆ ನಿಲ್ಲಿಸಿ ಎಂದ ಸಿದ್ದಯ್ಯ. ಘಾಟಿ ಹತ್ತುವವರು ಯಾರೇ ಆಗಲಿ ಅಮ್ಮನಿಗೆ ಕೈ ಮುಗಿಯದೆ ಹತ್ತುವುದಿಲ್ಲ. ಕರ್ಪೂರ ಹಚ್ಚಿ, ಅಲ್ಲಿ ಪ್ರಸಾದವಾಗಿ ಕೊಡುವ ಹುತ್ತದ ಮಣ್ಣನ್ನು ಬೊಗಸೆಯಲ್ಲಿ ತಂದ. ನಮಗೆಲ್ಲ ಕೊಟ್ಟ. ಆಮೇಲೆ ನಾವು ತಡೆಯುವ ಮೊದಲೇ ದೊಡ್ಡವ್ವನ ಹಣೆಗೂ ಮೆತ್ತಗೆ ಹಚ್ಚಿದ.

"ಅಯ್ಯಯ್ಯೋ, ಹಣೆ ಇಷ್ಟು ತಣ್ಣಗೈತಲ್ರೀ!"

"ಅವ್ವಂದು ಮೊದ್ಲಿಂದ್ಲೂ ತಣ್ಣನೆ ಮೈ," ಎಂದ ಚಿಕ್ಕಬಸಪ್ಪ.

ದೊಡ್ಡವ್ವನಿಗೆ ಮೊದಲ ಮಣ್ಣು ಕೊಟ್ಟವನು ಆ ಬ್ರೋಕರೇ. ಶಕುಂತಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮುಂದೆ ಕಾಡಿನ ಗೇಟು. ಅಲ್ಲಿನ ಗಾರ್ಡು ಮೊದಲು ನಮ್ಮ ಜೀರಹಳ್ಳಿ ಕಡೆಯಲ್ಲಿ ಕೆಲಸದಲ್ಲಿದ್ದವನು. ದನ ಕಾಡಿಗೆ ಬಿಟ್ಟರೆಂದು ಹಿಡಿಯಲು ಬಂದು, ದೊಡ್ಡವ್ವನ ಕೈಲಿ ಏಳು ತಲೆಮಾರಿಗೆ ಸಾಕಾಗುವಷ್ಟು ಬೈಸಿಕೊಂಡು, ತಾನೇ ಕೇಳಿಕೊಂಡು ಬಣ್ಣಾರಿಗೆ ವರ್ಗ ಮಾಡಿಸಿಕೊಂಡಿದ್ದ. ಅವಳನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದ. ಬೈಗುಳ ಬರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದ.

"ಏನ್ ದೊಡ್ಡವ್ವ, ಚೆಂದಾಗಿದ್ದೀರಾ?"

ಆಗಲೂ ಬೈಗುಳ ಬರಲಿಲ್ಲ. ಗಾರ್ಡಿನ ಮುಖ ಹೂವಿನಂತೆ ಅರಳಿತು. "ವಯಸ್ಸಾದ್ಮೇಲೆ ಮನುಷ್ಯರು ಎಷ್ಟು ಒಳ್ಳೇವರಾಗ್ತಾರೆ ನೋಡಿ," ಎಂದು ಸಿದ್ದಯ್ಯನಿಗೆ ಹೇಳಿದ. "ಕೆಲಸಕ್ಕೆ ಸೇರಿದ್ಮೇಲೆ ಇವರ ಹತ್ರ ಬೈಸ್ಕೊಳ್ದೆ ಇರೋದು ಇದೇ ಮೊದಲು." ಗೇಟು ಎತ್ತಿ, ಸಲಾಮು ಹೊಡೆದು ಕಳಿಸಿದ. ಅವನು ಸತ್ತವಳಿಗೆ ಸಲಾಮು ಹೊಡೆದನೆಂದು ಆಮೇಲೆ ಯಾರೂ ಅವನಿಗೆ ಹೇಳಿರಲಿಕ್ಕಿಲ್ಲ.

ತಿರುವುಗಳು ಶುರುವಾದವು. ಪಿಕಪ್ಪು ಮುಲುಕಿತು, ಕೆಮ್ಮಿತು, ಕಪ್ಪು ಹೊಗೆ ಕಾರಿತು. ಗಾಡಿ ಎಡಕ್ಕೆ ತಿರುಗಿದಾಗ ದೊಡ್ಡವ್ವನ ತಲೆ ಮಗನ ಹೆಗಲಿಗೆ, ಬಲಕ್ಕೆ ತಿರುಗಿದಾಗ ಬ್ರೋಕರನ ಹೆಗಲಿಗೆ ಬೀಳುತ್ತಿತ್ತು. ಸಿದ್ದಯ್ಯ ಪ್ರತಿ ಸಲವೂ ಅಂಗೈಯಿಂದ ಆನಿಸಿ ಮೆಲ್ಲನೆ ನೆಟ್ಟಗೆ ಮಾಡುತ್ತಿದ್ದ. "ಪಾಪ, ಒಳ್ಳೇ ನಿದ್ದೆ," ಎನ್ನುತ್ತಿದ್ದ. ಚಿಕ್ಕಬಸಪ್ಪನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

"ಹೊಗೇನಾ?"

"ಊಂ. ಒಗೆ."

ಘಾಟಿಯ ನಡುವೆ, ಲಾರಿಗಳಿಗೆ ನೀರು ಕುಡಿಸಲು ನಿಲ್ಲಿಸುವ ಜಾಗದಲ್ಲಿ ಸಿದ್ದಯ್ಯ ಗಾಡಿ ನಿಲ್ಲಿಸಲು ಹೇಳಿದ. ಬಿದಿರುಕಡ್ಡಿ ಕೇಳಿ ಪಡೆದು ಟ್ಯಾಂಕಿಗೆ ಅದ್ದಿ, ಎತ್ತಿ, ಕನ್ನಡಕ ಸರಿಪಡಿಸಿಕೊಂಡು ನೋಡಿದ. ಮತ್ತೆ ಅದ್ದಿದ.

"ಏನ್ರೀ ಇದು! ವಂಡಿ ಕುಡೀತಾ ಐತಾ, ಇಲ್ಲ ಕೆಳಗೆ ಚೆಲ್ತಾ ಐತಾ?"

"ಭಾರ ಜಾಸ್ತಿ ಆಯ್ತು ಸ್ವಾಮಿ."

"ಎಂಥ ಭಾರ? ಹಿಂದೆ ಎರಡು ಜನ. ಮುಂದೆ ನಾನು, ನೀವು. ಅಮ್ಮನವರೋ, ಒಂದು ಕೋಳಿಮರಿಯಷ್ಟು ಅವರೆ."

"ಭಾರ ಅದ ಸ್ವಾಮಿ," ಎಂದ ಚಿಕ್ಕಬಸಪ್ಪ, ಸ್ಟೇರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತ. "ಬೋ ಭಾರ ಅದ."

ನಾನು ಕಿಟಕಿಯಿಂದ ಮುಖ ತೆಗೆದೆ.

ದಿಂಬಂ ಮುಟ್ಟುವ ಹೊತ್ತಿಗೆ ರೇಡಿಯೇಟರು ಕುದಿಯುತ್ತಿತ್ತು. ಟೀ ಅಂಗಡಿಗಳ ಮುಂದೆ ನಿಲ್ಲಿಸಲೇಬೇಕಾಯಿತು. ನಾವು ಬೇಡವೆಂದರೂ ಸಿದ್ದಯ್ಯ ಎಲ್ಲರಿಗೂ ಟೀ ಹೇಳಿದ. ಒಂದು ಲೋಟವನ್ನು ತಾನೇ ಆರಿಸಿ, ಅತ್ತಿಂದಿತ್ತ ಸುರಿದು ನೊರೆ ಎಬ್ಬಿಸಿಕೊಂಡು ದೊಡ್ಡವ್ವನ ಬಳಿ ಹೋದ.

"ಅಮ್ಮಾ, ಒಂದು ಗುಟುಕು. ಆಸ್ಪತ್ರೆಲಿ ಬರೀ ಗಂಜಿ ಕೊಟ್ಟಿರ್ತಾರೆ. ಏಳಿ ಅಮ್ಮಾ."

ಲೋಟವನ್ನು ತುಟಿಗೆ ಮುಟ್ಟಿಸಿದ. ಟೀ ತುಟಿಯ ಅಂಚಿನಿಂದ ಇಳಿದು ಗಲ್ಲದ ಮೇಲೆ ಹರಿದು ಶಾಲಿಗೆ ಬಿತ್ತು. ಅದನ್ನು ಕಂಡ ಶಕುಂತಲಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ತೊಟ್ಟಿಯಿಂದ ಧುಮುಕಿ ಅವಳು ಎತ್ತಿದ ಗೋಳಿಗೆ ದಿಂಬದ ಕೋತಿಗಳೆಲ್ಲ ಮರ ಹತ್ತಿದವು.

"ಅತ್ತಮ್ಮಾ! ಟೀ ಅಂದ್ರೆ ಪ್ರಾಣ ಬುಡ್ತಿದ್ಯಲ್ಲಾ ಅತ್ತಮ್ಮಾ!"

ಸಿದ್ದಯ್ಯ ಲೋಟವನ್ನು ನೋಡಿದ. ದೊಡ್ಡವ್ವನನ್ನು ನೋಡಿದ. ಆಮೇಲೆ ಬಹಳ ನಿಧಾನವಾಗಿ ತನ್ನ ಬಲ ಹೆಗಲನ್ನು ನೋಡಿದ.

ಟೀ ಅಂಗಡಿಯವರು, ಲಾರಿ ಡ್ರೈವರುಗಳು, ಬೀಡಿ ಸೇದುತ್ತಿದ್ದವರು ಎಲ್ಲ ಮುತ್ತಿದರು. ಅಲ್ಲಿ ನಡೆದ ಚರ್ಚೆ ಚಿಕ್ಕದಲ್ಲ. ಹೆಣ ಹೊತ್ತ ಗಾಡಿಗೆ ಅರ್ಧ ಬೆಲೆಯೂ ಬರುವುದಿಲ್ಲ ಎಂದ ಒಬ್ಬ. ಕೂರಿಸಿಕೊಂಡು ತಂದಿದ್ದರಿಂದ ಅದು ಹೊತ್ತಂತಾಗುವುದಿಲ್ಲ ಎಂದ ಇನ್ನೊಬ್ಬ. ಹೆಣ ಮುಟ್ಟಿದವನು ಮೊದಲು ಸ್ನಾನ ಮಾಡಬೇಕೋ, ಟೀಗೆ ದುಡ್ಡು ಕೊಡಬೇಕೋ ಎಂದು ಅಂಗಡಿಯವನು ಕೇಳಿದ. ಸಿದ್ದಯ್ಯ ಇದಾವುದನ್ನೂ ಕೇಳಿಸಿಕೊಳ್ಳದೆ ಲಾರಿಯೊಂದರ ನೀರಿನ ಡಬ್ಬ ಕಸಿದು ತಲೆಯ ಮೇಲೆ ಸುರಿದುಕೊಂಡ. ಬಿಳಿ ಅಂಗಿ ಮೈಗಂಟಿತು.

"ಮೋಸಗಾರ!" ಎಂದು ಚಿಕ್ಕಬಸಪ್ಪನ ಮೇಲೆ ಬಿದ್ದ. "ಅಷ್ಟು ತಿರುವಲ್ಲೂ ಹೆಣಾನ ಹೆಗಲ ಮೇಲೆ ಇಟ್ಕೊಂಡು ಬಂದೆ! ನಿನ್ನ ವಂಡೀನೂ ಬೇಡ, ನಿನ್ನ ಸಹವಾಸಾನೂ ಬೇಡ! ನನ್ನ ಪೆಟ್ರೋಲು ವಾಪಸ್ ಕೊಡು!"

ಅದಕ್ಕೂ ಕಾನೂನು ಹೇಳುವವರು ಅಲ್ಲಿದ್ದರು. ಯಾರೋ ಒಂದು ರಬ್ಬರ್ ಪೈಪನ್ನೂ ತಂದರು. ಸಿದ್ದಯ್ಯ ಒಂದು ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ಇನ್ನೊಂದನ್ನು ಬಾಯಿಗೆ ಇಟ್ಟುಕೊಂಡು ಮಂಡಿಯೂರಿದ. ಚಿಕ್ಕಬಸಪ್ಪ ಬೇಡ ಎನ್ನಲಿಲ್ಲ. ಹೋಗಿ ತಾಯಿಯ ಗಲ್ಲದ ಮೇಲಿನ ಟೀಯನ್ನು ಪಂಚೆಯ ತುದಿಯಿಂದ ಒರೆಸುತ್ತ ನಿಂತ.

"ತಕ್ಕಳಿ ಅಣ್ಣಾ," ಎಂದಳು ಶಕುಂತಲಮ್ಮ. "ತಪ್ಪು ನಮ್ದೇ. ಅತ್ತಮ್ಮ ಕೆಳಗ ಬುಡಬ್ಯಾಡ ಅಂದಿತ್ತು. ಮ್ಯಾಕ್ಕ ತಂದಾಯ್ತು. ಇನ್ನ ಎತ್ಕಂಡೋಯ್ತೀವಿ."

ಸಿದ್ದಯ್ಯ ಪೈಪು ಬಾಯಲ್ಲಿಟ್ಟುಕೊಂಡೇ ಅವಳನ್ನು ನೋಡಿದ. ಚಿಕ್ಕಬಸಪ್ಪನನ್ನು ನೋಡಿದ. ಆಮೇಲೆ ಪೈಪನ್ನು ಎಳೆದು ಬಿಸಾಡಿ, ಟ್ಯಾಂಕಿನ ಮುಚ್ಚಳ ಹಾಕಿ, ಒದ್ದೆ ಅಂಗಿಯಲ್ಲೇ ಮುಂದಿನ ಸೀಟಿನ ಎಡತುದಿಗೆ ಹತ್ತಿದ.

"ಹಿಂದೆ ಕುತ್ಕಳಿ, ಮೈಲಿಗೆ ಆಯ್ತದ," ಎಂದೆ ನಾನು.

"ಬಲಕ್ಕೆ ತಿರುಗುವಾಗ ಅಮ್ಮನ್ನ ಯಾರು ಹಿಡ್ಕೊಳ್ತಾರೆ? ನಿಮ್ಮಪ್ಪನಾ?" ಎಂದು ಬೈದ. "ಸುಮ್ನೆ ಹತ್ತಿ ಕೂತ್ಕೊಳ್ರೀ."

ಅವನು ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಗಾಡಿಯನ್ನು ಬೈದ, ಚಿಕ್ಕಬಸಪ್ಪನನ್ನು ಬೈದ, ಹುಸಿ ಸುದ್ದಿ ತಂದ ಮಂಡಿಯ ಕೂಲಿಗಳನ್ನು ಬೈದ. ಕೈ ಮಾತ್ರ ದೊಡ್ಡವ್ವನ ಹೆಗಲನ್ನು ಬಿಡಲಿಲ್ಲ.

ಆಸನೂರು ದಾಟಿತು. ಜೀರಹಳ್ಳಿ ಕಾಡಿನ ಅಂಚಿಗೆ ಬಂದೆವು. ಇನ್ನೊಂದು ದಿಬ್ಬ ಏರಿ ಇಳಿದರೆ ನಮ್ಮೂರು. ಅಲ್ಲಿ ಪಿಕಪ್ಪು ಒಮ್ಮೆ ಬಿಕ್ಕಳಿಸಿ ನಿಂತಿತು. ಸಿದ್ದಯ್ಯ ಇಳಿದು ಕಡ್ಡಿ ಅದ್ದಿದ. ಕಡ್ಡಿ ಹೋದಂತೆಯೇ ಒಣಗಿ ಹಿಂದಕ್ಕೆ ಬಂತು. ಹೊತ್ತು ಇಳಿಯುತ್ತಿತ್ತು. ಆ ಹೊತ್ತಿಗೆ ಆನೆಗಳು ನೀರಿಗೆ ಇಳಿಯುವ ಜಾಗ ಅದು. ಹೊತ್ತು ಮುಳುಗುವ ಮುಂಚೆ ದೊಡ್ಡವ್ವನನ್ನು ಗುಣಿಯಲ್ಲಿ ಕೂರಿಸಬೇಕು. ನಾವು ಮೂವರು ಗಂಡಸರೂ ನೂಕಿದೆವು. ಗಾಡಿ ದಿಬ್ಬದ ಕಾಲುಭಾಗ ಏರಿ ಮತ್ತೆ ಹಿಂದಕ್ಕೆ ಬಂತು.

"ಕಲ್ಲು ಕೊಡಿ ಚಕ್ರಕ್ಕ," ಎಂದೆ. "ನಾನು ಬತ್ತೀನಿ."

ಓಡಿದೆ. ನನ್ನ ವಯಸ್ಸಿನವನು ಓಡಬಾರದಷ್ಟು ಓಡಿದೆ. ಊರಿಗೆ ಸುದ್ದಿ ಕೂಗಿ, ಕೊಟ್ಟಿಗೆಯಿಂದ ಬಿಳಿಯ, ಮಚ್ಚ ಇಬ್ಬರನ್ನೂ ಬಿಚ್ಚಿ, ನೊಗ, ಹಗ್ಗ ಹೇರಿಕೊಂಡು ವಾಪಸ್ ಬಂದೆ. ಹಗ್ಗವನ್ನು ಪಿಕಪ್ಪಿನ ಮುಂದಿನ ಕಬ್ಬಿಣಕ್ಕೆ ಬಿಗಿದೆ. ಎತ್ತುಗಳು ಮುಂದಕ್ಕೆ ಹೆಜ್ಜೆ ಇಡಲೊಲ್ಲವು. ಎರಡೂ ಕತ್ತು ಹೊರಳಿಸಿ ಗಾಜಿನೊಳಗೆ ನೋಡುತ್ತ ನಿಂತವು. ಅದು ಸಂಜೆ, ಹಿಂಡಿಯ ಹೊತ್ತು.

ನಾನು ಬಾರುಕೋಲು ಎತ್ತಿದೆ. ಚಿಕ್ಕಬಸಪ್ಪ ಸೀಟಿನಿಂದಲೇ, "ಒಡೀಬ್ಯಾಡ ಕಣ್ಲಾ!" ಎಂದು ಕೂಗಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ, ತಾಯಿ ಕರೆಯುತ್ತಿದ್ದ ಹಾಗೆಯೇ ನಾಲಗೆ ಲೊಟಗುಟ್ಟಿಸಿ, "ಬಾ ಬಿಳಿಯ, ಬಾ ಮಚ್ಚ, ಮನಗ ಓಗಣ," ಎಂದ. ಅವನ ದನಿ ಒಡೆದುಹೋಯಿತು. ಎತ್ತುಗಳು ಕತ್ತು ತಿರುಗಿಸಿ ನೊಗಕ್ಕೆ ಎದೆ ಕೊಟ್ಟವು.

ಹಾಗೆ ದೊಡ್ಡವ್ವ ಊರಿಗೆ ಬಂದಳು. ಮುಂದೆ ಅವಳ ಎತ್ತುಗಳು, ಹಿಂದೆ ಒದ್ದೆ ಅಂಗಿಯ ಬ್ರೋಕರು ಗಾಡಿ ನೂಕುತ್ತ, ಪಕ್ಕದಲ್ಲಿ ಸೊಸೆ ಅಳುತ್ತ, ಸೀಟಿನ ನಡುವೆ ಅವಳು ನೆಟ್ಟಗೆ ಕುಳಿತು. ಊರೆಲ್ಲ ಬೀದಿಗೆ ಬಂದು ನಿಂತಿತ್ತು. ಹೊಲದಲ್ಲಿ ಅವಳ ಗಂಡನ ಪಕ್ಕದಲ್ಲೇ ಗುಣಿ ತೋಡಿತ್ತು. ಇಳಿಸುವಾಗ, ಮಣ್ಣು ಮಾಡಿಸಲು ಬಂದಿದ್ದ ಅಯ್ಯನವರು ಮುಟ್ಟಿ ನೋಡಿ, ಯಾರೋ ತಿಳಿದವರೇ ಚೆನ್ನಾಗಿ ಕೂರಿಸಿದ್ದಾರೆ, ಒಂದು ಬೆರಳೂ ಸರಿಪಡಿಸಬೇಕಾಗಿಲ್ಲ ಎಂದರು. ಸೂರ್ಯ ಇನ್ನೂ ಇದ್ದ.

ಮಣ್ಣು ಹಾಕಿ ಎಲ್ಲರೂ ಕೈ ಕೊಡವಿಕೊಳ್ಳುತ್ತಿದ್ದಾಗ ರಾಚಮ್ಮ ಮೂಗೊರೆಸಿಕೊಂಡಳು. ಅವಳಿಗೆ ಕುಚೋದ್ಯ ತಿಳಿಯದು, ಬಾಯಿಗೆ ಬಂದದ್ದನ್ನು ಹೇಳುವವಳು.

"ಪುಣ್ಯಾತ್ಗಿತ್ತಿ," ಎಂದಳು. "ಇವತ್ತು ಮಾತ್ರ ಗಾಡಿ ದಿಬ್ಬ ಅತ್ತುವಾಗ್ಲೂ ಒಂದು ತೊಟ್ಟು ಕುಡೀನಿಲ್ಲ."

ಮೊದಲು ನಕ್ಕವನು ಚಿಕ್ಕಬಸಪ್ಪನೇ. ಹೊಟ್ಟೆ ಹಿಡಿದುಕೊಂಡು ನಕ್ಕ, ಮಣ್ಣಿನ ಮೇಲೆ ಕುಸಿದು ನಕ್ಕ. ಆ ನಗು ಯಾವಾಗ ಅಳುವಾಯಿತೋ ನಮಗೆ ಗೊತ್ತಾಗಲಿಲ್ಲ. ಸಿದ್ದಯ್ಯ ಪಕ್ಕದಲ್ಲಿ ಕುಳಿತು, ಘಾಟಿಯಲ್ಲಿ ಮಾಡಿದಂತೆಯೇ ಅವನ ಹೆಗಲಿಗೆ ಅಂಗೈ ಆನಿಸಿದ.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಚಿಕ್ಕಬಸಪ್ಪ ಬೇಲಿಯ ಆಚೆ ಬಂದು ನಿಂತ. ಪಿಕಪ್ಪಿನ ಕೀಲಿಯನ್ನೂ ಗೆರೆ ಕೊರೆದ ಕಡ್ಡಿಯನ್ನೂ ನನ್ನ ಕೈಗಿಟ್ಟ.

"ಗಾಡಿ ನೀ ಇಟ್ಕ. ಎತ್ತು ನಂಗ ಕೊಡು."

ಹೆಣ ಹೊತ್ತ ಗಾಡಿ, ಕೊಳ್ಳುವವರಿಲ್ಲ, ಕುಡಿಸುವ ಯೋಗ್ಯತೆ ನನಗಿಲ್ಲ. ಇಂಥ ವ್ಯಾಪಾರವನ್ನು ಬುದ್ಧಿಯಿರುವ ಯಾವನೂ ಮಾಡುವುದಿಲ್ಲ. ನಾನು ಎತ್ತುಗಳನ್ನು ಬಿಚ್ಚಿ ಕೊಟ್ಟೆ.

ಪಿಕಪ್ಪು ಈಗ ನನ್ನ ಹಿತ್ತಲಲ್ಲಿ ನಿಂತಿದೆ. ಮುಳ್ಳು ಇನ್ನೂ ಅರ್ಧದಲ್ಲೇ ಇದೆ. ದಾರಿಯಲ್ಲಿ ಹೋಗುವವರು ಎಷ್ಟು ಕುಡಿಯುತ್ತದೆ ಎಂದು ಕೇಳಿದರೆ, ಒಂದು ತೊಟ್ಟೂ ಇಲ್ಲ ಎನ್ನುತ್ತೇನೆ. ಒಮ್ಮೊಮ್ಮೆ ನನ್ನ ಮೊಮ್ಮಕ್ಕಳು ಮುಂದಿನ ಸೀಟಿಗೆ ಹತ್ತಿ ಸ್ಟೇರಿಂಗ್ ತಿರುಗಿಸಿ ಆಡುತ್ತಾರೆ. ಆಗ ಬೇಲಿಯ ಆಚೆ ಎತ್ತುಗಳಿಗೆ ಹಿಂಡಿ ಇಡುತ್ತಿರುವ ಚಿಕ್ಕಬಸಪ್ಪ ಕೈ ನಿಲ್ಲಿಸಿ ಕೂಗುತ್ತಾನೆ.

"ಆ ಕಡೆ ಈ ಕಡೆ ಕುತ್ಕಳ್ರೋ. ನಡುವ್ಕ ಬ್ಯಾಡಿ. ಅವ್ವ ಕೂತದ."